ಮೆದುಳಿನ ಲಯಗಳ ಮೂಲ: ಗಣಿತ ಮಾದರಿಗಳು ತೋರಿದ ದಾರಿ

ಕಣ್ಣು ಮುಚ್ಚಿ ಸುಮ್ಮನೆ ಕುಳಿತ ಮನುಷ್ಯನ ಮೆದುಳು ಸುಮ್ಮನಿರುವುದಿಲ್ಲ. ಅವನ ತಲೆಯ ಹಿಂಭಾಗದಲ್ಲಿ ಚರ್ಮದ ಮೇಲೆ ಲೋಹದ ಸಣ್ಣ ಬಿಲ್ಲೆಗಳನ್ನಿರಿಸಿ, ಅಲ್ಲಿನ ವಿದ್ಯುತ್ತಿನ ಏರಿಳಿತವನ್ನು ಯಂತ್ರದ ಮೂಲಕ ಹಿಗ್ಗಿಸಿ ಬರೆಯಿಸಿದರೆ, ಸೆಕೆಂಡಿಗೆ ಸುಮಾರು ಹತ್ತು ಬಾರಿ ಏಳುತ್ತ ಬೀಳುತ್ತ ಸಾಗುವ ಅಲೆಯೊಂದು ಕಾಣಿಸಿಕೊಳ್ಳುತ್ತದೆ. ಅವನು ಕಣ್ಣು ತೆರೆದೊಡನೆ ಆ ಅಲೆ ಕುಗ್ಗುತ್ತದೆ. ಮುಚ್ಚಿದರೆ ಮರಳಿ ಬರುತ್ತದೆ. ಜರ್ಮನಿಯ ಯೇನಾ ನಗರದ ಮನೋವೈದ್ಯರಾದ ಹಾನ್ಸ್ ಬರ್ಗರ್ ಅವರು ೧೯೨೪ರಲ್ಲಿ ಮಾನವನ ಮೆದುಳಿನ ವಿದ್ಯುತ್ತನ್ನು ಮೊಟ್ಟಮೊದಲು ದಾಖಲಿಸಿ, ಐದು ವರ್ಷಗಳ ಕಾಲ ತಮ್ಮ ಪ್ರಯೋಗಗಳನ್ನು ತಾವೇ ಮರುಪರೀಕ್ಷಿಸಿ, ೧೯೨೯ರಲ್ಲಿ ಪ್ರಕಟಪಡಿಸಿದರು. ಮೇಲೆ ಹೇಳಿದ ಅಲೆಗೆ ಗ್ರೀಕ್ ವರ್ಣಮಾಲೆಯ ಮೊದಲಕ್ಷರವಾದ ‘ಆಲ್ಫಾ’ ಎಂಬ ಹೆಸರನ್ನು ಕೊಟ್ಟವರು ಅವರೇ. ಆರಂಭದಲ್ಲಿ ಅವರ ಮಾತನ್ನು ನಂಬಿದವರು ವಿರಳ. ೧೯೩೪ರಲ್ಲಿ ಕೇಂಬ್ರಿಜ್ಜಿನ ಏಡ್ರಿಯನ್ ಮತ್ತು ಮ್ಯಾಥ್ಯೂಸ್ ಎಂಬ ವಿಜ್ಞಾನಿಗಳು ಅದೇ ಪ್ರಯೋಗವನ್ನು ಮಾಡಿ ಬರ್ಗರ್ ಅವರು ಕಂಡದ್ದು ದಿಟವೆಂದು ತೋರಿಸಿದ ಮೇಲೆಯೇ ಲೋಕವು ಅದನ್ನು ಒಪ್ಪಿಕೊಂಡಿತು.

ಈ ಘಟನೆಗೆ ಈಗ ನೂರು ವರ್ಷಗಳು ತುಂಬಿವೆ. ಈ ಅವಧಿಯಲ್ಲಿ ಮೆದುಳಿನ ವಿದ್ಯುಲ್ಲೇಖವು, ಎಂದರೆ ಜನರು ಸಾಮಾನ್ಯವಾಗಿ ಇ.ಇ.ಜಿ. ಎಂದು ಕರೆಯುವ ಪರೀಕ್ಷೆಯು, ಅಪಸ್ಮಾರವೇ ಮೊದಲಾದ ವ್ಯಾಧಿಗಳ ಪತ್ತೆಗೆ ಆಸ್ಪತ್ರೆಗಳಲ್ಲಿ ನಿತ್ಯದ ಸಾಧನವಾಗಿದೆ. ಆದರೆ ಲಯವು ಇದೆ ಎಂದು ಕಂಡುಕೊಳ್ಳುವುದು ಒಂದು ಕೆಲಸ. ಅದು ಹೇಗೆ ಹುಟ್ಟುತ್ತದೆ ಎಂದು ಅರಿಯುವುದು ಇನ್ನೊಂದು ಕೆಲಸ. ಎರಡನೆಯದು ಮೊದಲನೆಯದಕ್ಕಿಂತ ಬಹು ಕಷ್ಟದ್ದು. ಆ ಕಾರ್ಯದಲ್ಲಿ ಗಣಿತ ಮತ್ತು ಗಣಕಯಂತ್ರಗಳು ವಿಜ್ಞಾನಿಗಳಿಗೆ ಹೇಗೆ ನೆರವಾಗಿವೆ ಎಂಬುದನ್ನು ಕೆಲವು ನಿದರ್ಶನಗಳ ಮೂಲಕ ವಿವರಿಸುವುದೇ ಪ್ರಸ್ತುತ ಲೇಖನದ ಉದ್ದೇಶ.

ಲಯಗಳ ಪರಿಚಯ

ಮೆದುಳಿನ ಅಲೆಗಳನ್ನು ಅವುಗಳ ವೇಗಕ್ಕನುಸಾರವಾಗಿ ವಿಂಗಡಿಸುವುದು ರೂಢಿ. ಸೆಕೆಂಡಿಗೆ ನಾಲ್ಕಕ್ಕಿಂತ ಕಡಿಮೆ ಬಾರಿ ಏರಿಳಿಯುವುದು ಡೆಲ್ಟಾ. ಇದು ಗಾಢನಿದ್ರೆಯಲ್ಲಿ ಪ್ರಬಲವಾಗಿರುತ್ತದೆ. ೪ರಿಂದ ೮ರವರೆಗಿನದು ಥೀಟಾ, ೮ರಿಂದ ೧೩ರವರೆಗಿನದು ಆಲ್ಫಾ, ೧೩ರಿಂದ ೩೦ರವರೆಗಿನದು ಬೀಟಾ, ಅದಕ್ಕೂ ಮೇಲಿನದು ಗಾಮಾ. ಈ ಗಡಿಗಳು ಮನುಷ್ಯರು ಅನುಕೂಲಕ್ಕಾಗಿ ಹಾಕಿಕೊಂಡ ಗೆರೆಗಳೇ ಹೊರತು ಪ್ರಕೃತಿಯು ಕಟ್ಟಿದ ಗೋಡೆಗಳಲ್ಲವೆಂಬುದನ್ನು ಇಲ್ಲಿಯೇ ಹೇಳಿಬಿಡುವುದು ಒಳ್ಳೆಯದು.

ಇವುಗಳಿಗೆ ಮೂಲವಾದ ವಿದ್ಯುತ್ತು ಎಲ್ಲಿಂದ ಬರುತ್ತದೆ? ಮಾನವನ ಮೆದುಳಿನಲ್ಲಿ ಸುಮಾರು ೮,೬೦೦ ಕೋಟಿ ನರಕೋಶಗಳಿವೆ. ಅವುಗಳಲ್ಲಿ ಸುಮಾರು ೧,೬೦೦ ಕೋಟಿ ಮಡಿಕೆ ಮಡಿಕೆಯಾದ ಹೊರಪದರದಲ್ಲಿವೆ. ಈ ಹೊರಪದರದಲ್ಲಿ ಪಿರಮಿಡ್ಡಿನ ಆಕಾರದ ಒಂದು ಬಗೆಯ ನರಕೋಶಗಳು ಗದ್ದೆಯ ಪೈರಿನಂತೆ ಒಂದರ ಪಕ್ಕದಲ್ಲೊಂದು ನೆಟ್ಟಗೆ ನಿಂತಿವೆ. ಒಂದೊಂದು ಕೋಶದೊಳಗೆ ಹರಿಯುವ ವಿದ್ಯುತ್ಪ್ರವಾಹವು ಅತ್ಯಲ್ಪವಾದುದು. ಆದರೆ ಅಸಂಖ್ಯಾತ ಕೋಶಗಳು ಒಂದೇ ದಿಕ್ಕಿನಲ್ಲಿ ನಿಂತಿರುವುದರಿಂದ ಅವೆಲ್ಲವೂ ಒಟ್ಟಿಗೆ ಏರಿಳಿದಾಗ ಆ ಪ್ರವಾಹಗಳು ಒಂದಕ್ಕೊಂದು ಕೂಡಿಕೊಂಡು, ತಲೆಬುರುಡೆಯನ್ನು ದಾಟಿ, ಚರ್ಮದ ಮೇಲೆ ವೋಲ್ಟಿನ ಲಕ್ಷದಲ್ಲೊಂದು ಭಾಗದ ಆಸುಪಾಸಿನ ಒತ್ತಡವಾಗಿ ಗೋಚರಿಸುತ್ತವೆ.

ಇಲ್ಲಿಯೇ ತೊಡಕು ಇರುವುದು. ಜಾತ್ರೆಯ ಬಯಲಿನಿಂದ ಒಂದು ಮೈಲಿ ದೂರದಲ್ಲಿ ನಿಂತವನಿಗೆ ಜನಸ್ತೋಮದ ಭೋರ್ಗರೆತ ಕೇಳಿಸುತ್ತದೆ. ಅದು ಏರುವುದೂ ಇಳಿಯುವುದೂ ತಿಳಿಯುತ್ತದೆ. ಆದರೆ ಆ ಏರಿಳಿತಕ್ಕೆ ಕಾರಣ ತೇರು ಹೊರಟದ್ದೋ, ಕುಸ್ತಿಯ ಅಖಾಡದಲ್ಲಿ ಜಟ್ಟಿಯೊಬ್ಬ ಗೆದ್ದದ್ದೋ, ಇಲ್ಲವೇ ಮಳೆ ಬಂದು ಜನ ಚದುರಿದ್ದೋ ಅವನು ಹೇಳಲಾರ. ತಲೆಯ ಹೊರಗಿನಿಂದ ಮೆದುಳನ್ನು ಅಳೆಯುವವರ ಸ್ಥಿತಿಯೂ ಹೀಗೆಯೇ. ಒಂದೇ ಬಗೆಯ ಅಲೆಯನ್ನು ಒಳಗಿನ ಹಲವು ಬೇರೆ ಬೇರೆ ವ್ಯವಸ್ಥೆಗಳು ಉಂಟುಮಾಡಬಲ್ಲವು. ಮಾನವನ ತಲೆಬುರುಡೆಯನ್ನು ತೆರೆದು ಒಳಗೆ ನೋಡುವುದು ಶಸ್ತ್ರಚಿಕಿತ್ಸೆಯ ಅಗತ್ಯವುಳ್ಳ ಕೆಲವೇ ರೋಗಿಗಳ ವಿಷಯದಲ್ಲಿ ಮಾತ್ರ ಸಾಧ್ಯ. ಆದುದರಿಂದ ‘ಒಳಗೆ ಹೀಗಿದ್ದರೆ ಹೊರಗೆ ಏನು ಕಾಣಬೇಕು?’ ಎಂದು ಲೆಕ್ಕ ಹಾಕಿ ನೋಡುವುದೊಂದೇ ಉಳಿದ ಮಾರ್ಗ. ಆ ಲೆಕ್ಕಕ್ಕೇ ಗಣಿತ ಮಾದರಿ ಎಂದು ಹೆಸರು.

ಮೊದಲ ಲೆಕ್ಕ

ನರದ ವಿದ್ಯುತ್ತನ್ನು ಸಮೀಕರಣಗಳಲ್ಲಿ ಹಿಡಿದಿಟ್ಟ ಕೀರ್ತಿ ಇಂಗ್ಲೆಂಡಿನ ಆ್ಯಲನ್ ಹಾಜ್ಕಿನ್ ಮತ್ತು ಆಂಡ್ರ್ಯೂ ಹಕ್ಸ್‌ಲಿ ಅವರದು. ಸ್ಕ್ವಿಡ್ ಎಂಬ ಸಮುದ್ರಜೀವಿಯ ದಪ್ಪ ನರತಂತುವಿನಲ್ಲಿ ಸೋಡಿಯಂ ಮತ್ತು ಪೊಟ್ಯಾಸಿಯಂ ಅಯಾನುಗಳು ಹೇಗೆ ಒಳಕ್ಕೂ ಹೊರಕ್ಕೂ ಚಲಿಸುತ್ತವೆ ಎಂಬುದನ್ನು ಅವರು ಅಳೆದು, ಆ ಅಳತೆಗಳಿಂದ ಸಮೀಕರಣಗಳನ್ನು ರಚಿಸಿ ೧೯೫೨ರಲ್ಲಿ ಪ್ರಕಟಿಸಿದರು. ಸಮೀಕರಣ ಸಿದ್ಧವಾದರೆ ಸಾಲದು, ಅದನ್ನು ಬಿಡಿಸಬೇಕಷ್ಟೆ. ಕೇಂಬ್ರಿಜ್ ವಿಶ್ವವಿದ್ಯಾಲಯದ ಗಣಕಯಂತ್ರವು ಆ ವೇಳೆಗೆ ಮಾರ್ಪಾಡಿಗಾಗಿ ಸುಮಾರು ಆರು ತಿಂಗಳು ನಿಂತಿದ್ದಿತು. ಹಕ್ಸ್‌ಲಿ ಅವರು ಕಾಯುತ್ತ ಕೂರದೆ, ಹಿಡಿಕೆ ತಿರುಗಿಸಿ ಕೂಡಿ ಕಳೆಯುವ ಒಂದು ಲೆಕ್ಕದ ಯಂತ್ರವನ್ನು ಮುಂದಿಟ್ಟುಕೊಂಡು ಹೆಜ್ಜೆ ಹೆಜ್ಜೆಯಾಗಿ ಲೆಕ್ಕ ಮಾಡಿದರು. ನರತಂತುವಿನಲ್ಲಿ ಸಾಗುವ ಒಂದು ಸ್ಪಂದನದ ಲೆಕ್ಕಕ್ಕೆ ಮೂರು ವಾರಗಳು ಹಿಡಿದವು. ಸ್ಪಂದನದ ವೇಗವು ಸೆಕೆಂಡಿಗೆ ೧೮.೮ ಮೀಟರ್ ಎಂದು ಲೆಕ್ಕ ಹೇಳಿತು. ನಿಜವಾದ ನರದಲ್ಲಿ ಅಳೆದ ವೇಗ ೨೧.೨ ಮೀಟರ್.

ಈ ಎರಡು ಸಂಖ್ಯೆಗಳ ಸಾಮೀಪ್ಯವನ್ನು ಓದುಗರು ಗಮನಿಸಬೇಕು. ವೇಗವನ್ನು ಮೊದಲೇ ತಿಳಿದುಕೊಂಡು ಸಮೀಕರಣದಲ್ಲಿ ಸೇರಿಸಿದ್ದಲ್ಲ. ಅಯಾನುಗಳ ಗುಣವನ್ನು ಮಾತ್ರ ಕೊಟ್ಟಿದ್ದರು. ವೇಗವು ತಾನಾಗಿಯೇ ಹೊರಬಂದಿತು. ಒಳ್ಳೆಯ ಮಾದರಿಯ ಲಕ್ಷಣವೇ ಇದು: ಕೊಟ್ಟದ್ದಕ್ಕಿಂತ ಹೆಚ್ಚನ್ನು ಅದು ಹಿಂದಿರುಗಿಸಬೇಕು. ಈ ಸಾಧನೆಗಾಗಿ ಅವರಿಬ್ಬರೂ ೧೯೬೩ರ ನೊಬೆಲ್ ಪಾರಿತೋಷಕದಲ್ಲಿ ಪಾಲು ಪಡೆದರು.

ಎರಡು ಪಕ್ಷಗಳ ಆಟ

ಒಂದು ನರದ ಸ್ಪಂದನ ಅರ್ಥವಾಯಿತು. ಆದರೆ ಲಕ್ಷಾಂತರ ನರಕೋಶಗಳು ಏಕಕಾಲಕ್ಕೆ ಏರಿಳಿಯುವುದು ಹೇಗೆ? ಅವುಗಳಿಗೆ ತಾಳ ಹಾಕುವವರು ಯಾರು? ೧೯೭೨ರಲ್ಲಿ ಷಿಕಾಗೋ ವಿಶ್ವವಿದ್ಯಾಲಯದ ಹ್ಯೂ ವಿಲ್ಸನ್ ಮತ್ತು ಜ್ಯಾಕ್ ಕೋವನ್ ಅವರು ಇದಕ್ಕೊಂದು ಸರಳವೂ ಆಳವೂ ಆದ ಉತ್ತರವನ್ನು ಕೊಟ್ಟರು. ನರಕೋಶಗಳಲ್ಲಿ ಎರಡು ಪಕ್ಷಗಳಿವೆ. ಒಂದು ತನ್ನ ನೆರೆಯವರನ್ನು ಹುರಿದುಂಬಿಸುವ ಉತ್ತೇಜಕ ಪಕ್ಷ. ಇನ್ನೊಂದು ನೆರೆಯವರನ್ನು ಅಡಗಿಸುವ ಪ್ರತಿಬಂಧಕ ಪಕ್ಷ. ಈ ಎರಡು ಪಕ್ಷಗಳು ಪರಸ್ಪರ ಹೆಣೆದುಕೊಂಡಿದ್ದರೆ, ತಾಳ ಹಾಕುವವರು ಯಾರೂ ಇಲ್ಲದಿದ್ದರೂ, ತಕ್ಕ ಪರಿಸ್ಥಿತಿಯಲ್ಲಿ ಲಯವು ಹುಟ್ಟಿಯೇ ತೀರುತ್ತದೆ ಎಂದು ಅವರ ಸಮೀಕರಣಗಳು ತೋರಿಸಿದವು.

ಶಿಕ್ಷಕರಿಗೆ ಇದು ಅನುಭವದ ಮಾತು. ಗುರುಗಳು ಹೊರಗೆ ಹೋದ ತರಗತಿಯನ್ನು ನೆನೆಯಿರಿ. ಮೊದಲು ಒಬ್ಬಿಬ್ಬರು ಪಿಸುಗುಟ್ಟುತ್ತಾರೆ, ಅವರನ್ನು ಕಂಡು ಇತರರೂ ಮಾತಿಗೆ ತೊಡಗುತ್ತಾರೆ, ಗದ್ದಲ ಏರುತ್ತದೆ. ಗದ್ದಲ ಒಂದು ಮಟ್ಟಕ್ಕೆ ಬಂದಾಗ ತರಗತಿಯ ಮುಂದಾಳುಗಳಾದ ಹುಡುಗರು ಎದ್ದು ಮೇಜು ಬಡಿಯುತ್ತಾರೆ, ಕೊಠಡಿ ನಿಶ್ಶಬ್ದವಾಗುತ್ತದೆ. ಗದ್ದಲವಿಲ್ಲವಾದ್ದರಿಂದ ಮುಂದಾಳುಗಳೂ ಕುಳಿತುಬಿಡುತ್ತಾರೆ; ಪಿಸುಮಾತು ಮತ್ತೆ ಶುರುವಾಗುತ್ತದೆ. ಗಡಿಯಾರ ನೋಡಿ ಯಾರೂ ಗದ್ದಲ ಮಾಡಲಿಲ್ಲ. ಆದರೂ ಏರಿಳಿತಕ್ಕೊಂದು ಕಾಲಕ್ರಮ ಒದಗಿತು. ಆ ಕ್ರಮವನ್ನು ನಿರ್ಧರಿಸುವುದು ಮೇಜು ಬಡಿದ ಭಯವು ಎಷ್ಟು ಹೊತ್ತು ನಿಲ್ಲುತ್ತದೆ ಎಂಬುದು.

ಮೆದುಳಿನಲ್ಲಿಯೂ ಹಾಗೆಯೇ ಎಂಬುದಕ್ಕೆ ಸಾಕ್ಷ್ಯ ದೊರೆತದ್ದು ಗಾಮಾ ಲಯದ ಅಧ್ಯಯನದಲ್ಲಿ. ೧೯೯೫ರಲ್ಲಿ ವಿಟಿಂಗ್ಟನ್, ಟ್ರಾಬ್ ಮತ್ತು ಜೆಫ್ರಿಸ್ ಎಂಬವರು ಇಲಿಯ ಮೆದುಳಿನ ತೆಳುವಾದ ಚೂರಿನಲ್ಲಿ ಪ್ರಯೋಗ ನಡೆಸಿ, ಜೊತೆಗೆ ಗಣಕ ಮಾದರಿಯನ್ನೂ ರಚಿಸಿ, ಪ್ರತಿಬಂಧಕ ಕೋಶಗಳ ಜಾಲವೊಂದೇ ಸೆಕೆಂಡಿಗೆ ಸುಮಾರು ೪೦ರ ಲಯವನ್ನು ಹುಟ್ಟಿಸಬಲ್ಲದೆಂದು ತೋರಿಸಿದರು. ಅದರ ವೇಗವು ಎರಡು ಸಂಗತಿಗಳನ್ನು ಅವಲಂಬಿಸಿದ್ದಿತು: ಆ ಕೋಶಗಳಿಗೆ ದೊರೆಯುವ ಉತ್ತೇಜನ, ಮತ್ತು ಒಂದು ಕೋಶ ಇನ್ನೊಂದರ ಮೇಲೆ ಹೇರಿದ ತಡೆಯು ಕರಗಲು ಹಿಡಿಯುವ ಕಾಲ. ಮರುವರ್ಷವೇ ವಾಂಗ್ ಮತ್ತು ಬುಜಾಕಿ ಅವರು ನೂರು ಪ್ರತಿಬಂಧಕ ಕೋಶಗಳ ಗಣಕ ಮಾದರಿಯಲ್ಲಿ, ಆ ತಡೆಯು ಸುಮಾರು ಹತ್ತು ಮಿಲಿಸೆಕೆಂಡುಗಳಲ್ಲಿ ಕರಗುವಂತಿದ್ದರೆ ಗಾಮಾ ಲಯವು ಸಹಜವಾಗಿ ಮೂಡುವುದೆಂದು ಲೆಕ್ಕ ಹಾಕಿ ತೋರಿಸಿದರು.

ಆಲ್ಫಾದ ವ್ಯಾಜ್ಯ

ಬರ್ಗರ್ ಅವರು ಕಂಡ ಆಲ್ಫಾ ಲಯದ ಕಥೆ ಇಷ್ಟು ನೇರವಾಗಿಲ್ಲ. ಮೆದುಳಿನ ನಡುವಿನಲ್ಲಿ ಥಲಾಮಸ್ ಎಂಬ ಅಂಗವಿದೆ. ಕಣ್ಣು, ಕಿವಿ, ಚರ್ಮಗಳಿಂದ ಬರುವ ಸಂದೇಶಗಳು ಇಲ್ಲಿ ತಂಗಿ ಹೊರಪದರಕ್ಕೆ ಹೋಗುತ್ತವೆ. ಆಲ್ಫಾ ಲಯದ ತವರು ಥಲಾಮಸ್ ಎಂಬ ಅಭಿಪ್ರಾಯವು ೧೯೬೦ರ ದಶಕದಲ್ಲಿ ಬಲವಾಗಿತ್ತು. ೧೯೭೪ರಲ್ಲಿ ಲೋಪೆಸ್ ಡ ಸಿಲ್ವ ಮತ್ತು ಅವರ ಸಂಗಡಿಗರು ಥಲಾಮಸ್ಸಿನ ಎರಡು ಪಕ್ಷಗಳ ಕೋಶಗಳನ್ನು ಮಾದರಿಯಾಗಿ ಕಟ್ಟಿ, ಯಾವ ಲಯವೂ ಇಲ್ಲದ ಗೊಂದಲದ ಸಂದೇಶವನ್ನು ಅದರೊಳಕ್ಕೆ ಬಿಟ್ಟರೂ ಹೊರಕ್ಕೆ ಆಲ್ಫಾ ಲಯವು ಬರುತ್ತದೆಂದು ತೋರಿಸಿದರು. ಮುಂದೆ ಸಿಡ್ನಿ ವಿಶ್ವವಿದ್ಯಾಲಯದ ಪೀಟರ್ ರಾಬಿನ್ಸನ್ ಮತ್ತು ಸಂಗಡಿಗರ ಮಾದರಿಗಳು ಬೇರೊಂದು ಕಾರಣವನ್ನು ಮುಂದಿಟ್ಟವು: ಹೊರಪದರದಿಂದ ಥಲಾಮಸ್ಸಿಗೆ ಹೋಗಿ ಮರಳಿ ಬರಲು ಸಂದೇಶಕ್ಕೆ ಸುಮಾರು ೮೦ ಮಿಲಿಸೆಕೆಂಡು ಬೇಕು, ಕೋಶಗಳು ಸ್ಪಂದಿಸಲು ತೆಗೆದುಕೊಳ್ಳುವ ಕಾಲವನ್ನೂ ಸೇರಿಸಿದರೆ ಒಂದು ಸುತ್ತು ಸೆಕೆಂಡಿನ ಹತ್ತನೆಯ ಒಂದು ಭಾಗದಷ್ಟಾಗುತ್ತದೆ, ಆದುದರಿಂದಲೇ ಲಯವು ಸೆಕೆಂಡಿಗೆ ಹತ್ತು. ೨೦೧೯ರಲ್ಲಿ ಪ್ರಕಟವಾದ ಮತ್ತೊಂದು ಅಧ್ಯಯನದಲ್ಲಿ, ಚಿಕಿತ್ಸೆಗಾಗಿ ಮೆದುಳಿನೊಳಗೆ ತಂತಿಗಳನ್ನು ಇರಿಸಲಾಗಿದ್ದ ಅಪಸ್ಮಾರ ರೋಗಿಗಳನ್ನು ಹಾಲ್ಗ್ರೆನ್ ಮತ್ತು ಸಂಗಡಿಗರು ಪರೀಕ್ಷಿಸಿದಾಗ, ಆಲ್ಫಾ ಅಲೆಯು ಹೊರಪದರದ ಉನ್ನತ ಕ್ಷೇತ್ರಗಳಿಂದ ದೃಷ್ಟಿಕ್ಷೇತ್ರದ ಕಡೆಗೆ ಸಾಗುವುದೂ, ಹೊರಪದರವು ಮುಂದಾಗಿ ಥಲಾಮಸ್ ಹಿಂಬಾಲಿಸುವುದೂ ಕಂಡುಬಂದಿತು.

ಇಲ್ಲಿ ಕಲಿಯಬೇಕಾದ ಪಾಠವೊಂದಿದೆ. ಮೇಲಿನ ಎರಡು ಮಾದರಿಗಳೂ ಸೆಕೆಂಡಿಗೆ ಹತ್ತರ ಲಯವನ್ನು ಕೊಡುತ್ತವೆ. ಒಂದು ಮಾದರಿಯ ಉತ್ತರವು ಅಳತೆಗೆ ಹೊಂದಿತೆಂದ ಮಾತ್ರಕ್ಕೆ ಅದೇ ಸತ್ಯವೆನ್ನಲಾಗದು. ಗಣಿತದ ಪರೀಕ್ಷೆಯಲ್ಲಿ ತಪ್ಪು ದಾರಿಯಿಂದಲೂ ಸರಿಯುತ್ತರ ಬರೆದ ವಿದ್ಯಾರ್ಥಿಯನ್ನು ನಾವೆಲ್ಲ ಕಂಡಿದ್ದೇವೆ. ಆದುದರಿಂದ ಎರಡು ಮಾದರಿಗಳು ಎಲ್ಲಿ ಭಿನ್ನವಾದ ಉತ್ತರವನ್ನು ಕೊಡುತ್ತವೆಯೋ ಅಲ್ಲಿಗೆ ಹೋಗಿ ಅಳೆಯಬೇಕು. ಅಂತಹ ಜಾಗವನ್ನು ಮೊದಲೇ ತೋರಿಸಿಕೊಡುವುದು ಮಾದರಿಗಳ ದೊಡ್ಡ ಉಪಕಾರ.

ಬೀಟಾ: ಸರಾಸರಿ ಮರೆಮಾಡಿದ ಸತ್ಯ

ಈ ಕ್ರಮವು ಫಲಿಸಿದ್ದಕ್ಕೆ ಒಳ್ಳೆಯ ನಿದರ್ಶನ ಬೀಟಾ ಲಯದ್ದು. ಅಮೆರಿಕದ ಬ್ರೌನ್ ವಿಶ್ವವಿದ್ಯಾಲಯದ ಸ್ಟೆಫನಿ ಜೋನ್ಸ್ ಮತ್ತು ಅವರ ಸಂಗಡಿಗರು, ಬೆರಳ ತುದಿಗೆ ಗೊತ್ತಾಗಿಯೂ ಗೊತ್ತಾಗದಂತಹ ಮೃದುವಾದ ತಟ್ಟುವಿಕೆಯನ್ನು ಕೊಟ್ಟು, ಸ್ಪರ್ಶವನ್ನು ಗ್ರಹಿಸುವ ಮೆದುಳಿನ ಭಾಗವನ್ನು ಅಧ್ಯಯನ ಮಾಡುತ್ತ ಬಂದಿದ್ದಾರೆ. ಅಳತೆಗೆ ಅವರು ಬಳಸಿದ್ದು ಮೆದುಳಿನ ಕಾಂತಕ್ಷೇತ್ರವನ್ನು ಹಿಡಿಯುವ ಯಂತ್ರ. ಆ ಕ್ಷೇತ್ರವು ಭೂಮಿಯ ಕಾಂತಕ್ಷೇತ್ರದ ಕೋಟಿಯಲ್ಲೊಂದು ಪಾಲಿಗಿಂತಲೂ ಕ್ಷೀಣವಾದುದು.

ನೂರಾರು ಬಾರಿ ಅಳೆದು ಸರಾಸರಿ ತೆಗೆದರೆ ಬೀಟಾ ಲಯವು ತಂಬೂರಿಯ ಶ್ರುತಿಯಂತೆ ಎಡೆಬಿಡದೆ ಸಾಗುವಂತೆ ಕಾಣುತ್ತಿದ್ದಿತು. ಆದರೆ ೨೦೧೬ರಲ್ಲಿ ಪ್ರಕಟವಾದ ಅವರ ಅಧ್ಯಯನದಲ್ಲಿ ಒಂದೊಂದು ಅಳತೆಯನ್ನೂ ಬಿಡಿಬಿಡಿಯಾಗಿ ನೋಡಿದಾಗ ಬೇರೆಯೇ ಚಿತ್ರವು ಮೂಡಿತು. ಬೀಟಾ ಎಂಬುದು ಸಾಮಾನ್ಯವಾಗಿ ೧೫೦ ಮಿಲಿಸೆಕೆಂಡಿಗಿಂತಲೂ ಕಡಿಮೆ ಕಾಲ ಬಂದು ಹೋಗುವ, ಒಂದೇ ಬಗೆಯ ಆಕಾರವುಳ್ಳ ಬಿಡಿ ಘಟನೆಗಳ ಸಾಲಾಗಿದ್ದಿತು. ಇದನ್ನು ಮಳೆಯ ಲೆಕ್ಕಕ್ಕೆ ಹೋಲಿಸಬಹುದು. ಒಂದೂರಿನ ಜೂನ್ ತಿಂಗಳ ಪ್ರತಿದಿನದ ಮಳೆಯನ್ನು ನೂರು ವರ್ಷಗಳಿಗೆ ಸರಾಸರಿ ಮಾಡಿದರೆ ತಿಂಗಳುದ್ದಕ್ಕೂ ಹದವಾಗಿ ಜಿನುಗುವಂತೆ ತೋರುತ್ತದೆ. ಆದರೆ ಯಾವ ವರ್ಷದ ರೈತನೂ ಅಂತಹ ಮಳೆಯನ್ನು ಕಂಡವನಲ್ಲ. ಅವನು ಕಂಡದ್ದು ಒಂದು ದಿನದ ಬಿರುಮಳೆ, ನಾಲ್ಕು ದಿನದ ಬಿಸಿಲು.

ಹಾಗಾದರೆ ಈ ಬಿಡಿ ಘಟನೆಗೆ ಕಾರಣವೇನು? ಇದಕ್ಕೆ ಅವರು ಹೊರಪದರದ ಒಂದು ಸಣ್ಣ ತುಣುಕನ್ನು ಗಣಕಯಂತ್ರದೊಳಗೆ ಕಟ್ಟಿದರು. ಮೇಲಿನ ಮತ್ತು ಕೆಳಗಿನ ಪದರಗಳ ಪಿರಮಿಡ್ ಕೋಶಗಳು, ಅವುಗಳ ನಡುವೆ ಪ್ರತಿಬಂಧಕ ಕೋಶಗಳು. ಪ್ರತಿಯೊಂದರಲ್ಲಿಯೂ ಹಾಜ್ಕಿನ್–ಹಕ್ಸ್‌ಲಿ ಪದ್ಧತಿಯ ಸಮೀಕರಣಗಳು. ಪಿರಮಿಡ್ ಕೋಶಕ್ಕೆ ಸಂದೇಶಗಳು ಬುಡದ ಕಡೆಯಿಂದಲೂ ಬರುತ್ತವೆ, ತುದಿಯ ಕಡೆಯಿಂದಲೂ ಬರುತ್ತವೆ. ಈ ಎರಡೂ ಕಡೆಯ ಸಂದೇಶಗಳು ಹೆಚ್ಚುಕಡಿಮೆ ಒಂದೇ ವೇಳೆಗೆ ಬಂದು, ತುದಿಯ ಕಡೆಯದು ಪ್ರಬಲವಾಗಿ ಸುಮಾರು ೫೦ ಮಿಲಿಸೆಕೆಂಡು ಮಾತ್ರ ಇದ್ದರೆ, ಮಾನವನಲ್ಲಿ ಅಳೆದ ಅಲೆಯ ಆಕಾರವೇ ಮಾದರಿಯಲ್ಲಿಯೂ ಮೂಡಿತು. ಐವತ್ತು ಮಿಲಿಸೆಕೆಂಡು ಎಂದರೆ ಸೆಕೆಂಡಿನ ಇಪ್ಪತ್ತನೆಯ ಒಂದು ಭಾಗ. ಬೀಟಾದ ವೇಗ ಸೆಕೆಂಡಿಗೆ ಇಪ್ಪತ್ತರ ಆಸುಪಾಸಿನಲ್ಲಿರುವುದಕ್ಕೆ ಕಾರಣವು ಇಲ್ಲಿಯೇ ಇದೆ.

ಅವರು ಇಷ್ಟಕ್ಕೇ ತೃಪ್ತರಾಗಲಿಲ್ಲ. ಮಾದರಿಯ ಮಾತು ನಿಜವಾಗಿದ್ದರೆ ಹೊರಪದರದ ಬೇರೆ ಬೇರೆ ಆಳಗಳಲ್ಲಿ ವಿದ್ಯುತ್ತು ಇಂತಿಂತಹ ಕ್ರಮದಲ್ಲಿ ಹರಿಯಬೇಕಲ್ಲವೆ? ಮಾನವರಲ್ಲಿ ಅದನ್ನು ಅಳೆಯುವಂತಿಲ್ಲ. ಕೋತಿಗಳಲ್ಲಿಯೂ ಇಲಿಗಳಲ್ಲಿಯೂ ಆಳದ ಅಳತೆಗಳನ್ನು ಪರಿಶೀಲಿಸಿದಾಗ ಮಾದರಿಯು ಮುಂಗಂಡಂತೆಯೇ ಇದ್ದಿತು. ಮರುವರ್ಷ, ೨೦೧೭ರಲ್ಲಿ, ಅದೇ ಬಳಗದ ಇನ್ನೊಂದು ಅಧ್ಯಯನವು ಈ ಘಟನೆಗಳ ಪರಿಣಾಮವನ್ನೂ ತೋರಿಸಿತು: ತಟ್ಟುವಿಕೆಗೆ ತುಸು ಮೊದಲು ಬೀಟಾ ಘಟನೆಗಳು ಹೆಚ್ಚಾಗಿದ್ದರೆ ಆ ಸ್ಪರ್ಶವು ಅರಿವಿಗೆ ಬಾರದೆ ಹೋಗುವ ಸಂಭವ ಹೆಚ್ಚು. ಇದು ಮಾನವರಲ್ಲಿಯೂ ಇಲಿಗಳಲ್ಲಿಯೂ ಒಂದೇ ತೆರನಾಗಿದ್ದಿತು.

ಇದರಿಂದ ಪ್ರಯೋಜನವೇನು?

ಧರ್ಮಾರ್ಥವಾಗಿ ವಿದ್ಯೆಗೆ ನೆರವಾಗುವ ಮಹನೀಯರು ಈ ಪ್ರಶ್ನೆಯನ್ನು ಕೇಳುವುದು ನ್ಯಾಯವೇ ಆಗಿದೆ. ಪಾರ್ಕಿನ್ಸನ್ ವ್ಯಾಧಿಯನ್ನು ತೆಗೆದುಕೊಳ್ಳೋಣ. ಕೈ ನಡುಗುವುದು, ಮೈ ಬಿಗಿಯುವುದು, ಹೆಜ್ಜೆ ಎತ್ತಿಡಲಾರದಂತಾಗುವುದು ಇದರ ಲಕ್ಷಣ. ಈ ರೋಗಿಗಳ ಮೆದುಳಿನ ಆಳದಲ್ಲಿ ಬೀಟಾ ಲಯವು ಅತಿಯಾಗಿರುವುದೂ, ಔಷಧ ಕೊಟ್ಟಾಗ ತಗ್ಗುವುದೂ ಬಹುಕಾಲದಿಂದ ತಿಳಿದಿದೆ. ಔಷಧವು ಸಾಲದಾದಾಗ ಮೆದುಳಿನ ಆಳಕ್ಕೆ ತಂತಿಯನ್ನಿಳಿಸಿ ವಿದ್ಯುತ್ತು ಹಾಯಿಸುವ ಚಿಕಿತ್ಸೆಯಿದೆ. ಬೀಟಾವನ್ನು ಎಡೆಬಿಡದ ಶ್ರುತಿಯೆಂದು ತಿಳಿದರೆ ವಿದ್ಯುತ್ತನ್ನೂ ಎಡೆಬಿಡದೆ ಹಾಯಿಸಬೇಕೆನಿಸುತ್ತದೆ. ಅದು ಬಿಡಿ ಘಟನೆಗಳ ಸಾಲೆಂದೂ, ದೀರ್ಘವಾದ ಘಟನೆಗಳೇ ಹೆಚ್ಚು ಬಾಧಕವೆಂದೂ ತಿಳಿದರೆ ಬೇಕಾದಾಗ ಮಾತ್ರ ಹಾಯಿಸಿದರೆ ಸಾಕು. ೨೦೧೩ರಲ್ಲಿ ಆಕ್ಸ್‌ಫರ್ಡಿನ ವೈದ್ಯರು ಕೆಲವೇ ರೋಗಿಗಳಲ್ಲಿ, ಬೀಟಾ ಏರಿದಾಗ ಮಾತ್ರ ವಿದ್ಯುತ್ತು ಹಾಯಿಸಿ ನೋಡಿದರು. ಕಡಿಮೆ ವಿದ್ಯುತ್ತಿನಿಂದ ಹೆಚ್ಚಿನ ಗುಣ ಕಂಡುಬಂದಿತು. ರೋಗಿಯ ಮೆದುಳಿನ ಲಯವನ್ನು ಗಮನಿಸುತ್ತ ತಾನೇ ಹೊಂದಿಕೊಳ್ಳುವ ಇಂತಹ ಉಪಕರಣಕ್ಕೆ ೨೦೨೫ರಲ್ಲಿ ಅಮೆರಿಕದ ನಿಯಂತ್ರಣ ಸಂಸ್ಥೆಯು ಒಪ್ಪಿಗೆಯನ್ನಿತ್ತಿತು.

ನಮ್ಮ ನಾಡಿನಲ್ಲಿಯೂ ಈ ಕಾರ್ಯ ನಡೆದಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸುಪ್ರತಿಮ್ ರೇ ಮತ್ತು ಸಂಗಡಿಗರು ಬೆಂಗಳೂರಿನ ಹಿರಿಯ ನಾಗರಿಕರಿಗೆ ಪರದೆಯ ಮೇಲೆ ಕಪ್ಪು-ಬಿಳುಪು ಪಟ್ಟೆಗಳನ್ನು ತೋರಿಸಿ ಅವರ ಗಾಮಾ ಲಯವನ್ನು ಅಳೆದರು. ನೆನಪು ಮಾಸತೊಡಗಿದವರಲ್ಲಿಯೂ ಆಲ್ಜೈಮರ್ ವ್ಯಾಧಿಯ ಆರಂಭದಲ್ಲಿರುವವರಲ್ಲಿಯೂ ಆ ಲಯವು ಸಮವಯಸ್ಕರಾದ ಆರೋಗ್ಯವಂತರಿಗಿಂತ ದುರ್ಬಲವಾಗಿರುವುದನ್ನು ೨೦೨೧ರಲ್ಲಿ ಪ್ರಕಟಿಸಿದರು. ಲಯವು ಕುಗ್ಗಿದೆ ಎಂಬುದು ಅಳತೆಯಿಂದ ತಿಳಿಯಿತು. ಯಾವ ಪಕ್ಷದ ಕೋಶಗಳ ಬಲ ಕುಂದಿದ್ದರಿಂದ ಕುಗ್ಗಿತು ಎಂಬ ಮುಂದಿನ ಪ್ರಶ್ನೆಗೆ ಮಾದರಿಗಳ ನೆರವು ಬೇಕು.

ಎಚ್ಚರಿಕೆಯ ಒಂದು ಮಾತು

ಮೆದುಳಿನ ಲಯಗಳ ಹೆಸರುಗಳು ಈಗ ಪೇಟೆಗೂ ಬಂದಿವೆ. ‘ಆಲ್ಫಾ ಅಲೆಗಳನ್ನು ಎಬ್ಬಿಸಿ ಮಕ್ಕಳ ಬುದ್ಧಿಯನ್ನು ಹೆಚ್ಚಿಸುತ್ತೇವೆ’ ಎಂಬಂತಹ ಪ್ರಚಾರಕ್ಕೆ ಮನಸೋತು ಹಣ ತೆರುವ ತಂದೆತಾಯಂದಿರಿದ್ದಾರೆ. ಆಲ್ಫಾ ಲಯವು ಹೇಗೆ ಹುಟ್ಟುತ್ತದೆಂಬ ಬಗ್ಗೆ ನೂರು ವರ್ಷಗಳ ತರುವಾಯವೂ ಪಂಡಿತರಲ್ಲಿ ಭಿನ್ನಾಭಿಪ್ರಾಯವಿದೆ ಎಂಬುದನ್ನು ಮೇಲೆ ಕಂಡೆವು. ಹುಟ್ಟನ್ನೇ ಅರಿಯದ ವಸ್ತುವನ್ನು ಬೇಕಾದಂತೆ ಹೆಚ್ಚಿಸಿ ಬುದ್ಧಿಯನ್ನು ಬೆಳೆಸುವೆವೆಂಬ ಮಾತನ್ನು ಎಷ್ಟರಮಟ್ಟಿಗೆ ನಂಬಬೇಕೆಂಬುದನ್ನು ಪೋಷಕರಿಗೆ ತಿಳಿಯಹೇಳುವ ಹೊಣೆ ಶಿಕ್ಷಕರದು.

ಇನ್ನು ವಿದ್ಯಾರ್ಥಿಗಳ ಮಾತು. ಬ್ರೌನ್ ವಿಶ್ವವಿದ್ಯಾಲಯದ ಬಳಗವು ತನ್ನ ಮಾದರಿಯನ್ನು ಯಾರು ಬೇಕಾದರೂ ಹಣ ಕೊಡದೆ ಪಡೆದು ಬಳಸುವಂತೆ ಮಾಡಿ, ೨೦೨೦ರಲ್ಲಿ ಅದರ ವಿವರವನ್ನು ಪ್ರಕಟಿಸಿದೆ. ಹಕ್ಸ್‌ಲಿ ಅವರು ಮೂರು ವಾರ ಹಿಡಿಕೆ ತಿರುಗಿಸಿ ಮಾಡಿದಂತಹ ಲೆಕ್ಕವನ್ನು ಇಂದು ಶಾಲೆಯ ಸಾಧಾರಣ ಗಣಕಯಂತ್ರವು ಕ್ಷಣಾರ್ಧದಲ್ಲಿ ಮಾಡುತ್ತದೆ. ಪ್ರೌಢಶಾಲೆಯ ಮೇಲಿನ ತರಗತಿಗಳಲ್ಲಿ, ಗದ್ದಲದ ತರಗತಿಯ ಉದಾಹರಣೆಯನ್ನೇ ಎರಡು ಸಣ್ಣ ಸಮೀಕರಣಗಳಾಗಿ ಬರೆಯಿಸಿ, ಮುಂದಾಳುಗಳು ಎದ್ದೇಳುವ ವಿಳಂಬವನ್ನು ಹೆಚ್ಚುಕಡಿಮೆ ಮಾಡುತ್ತ ಲಯವು ಎಲ್ಲಿ ಹುಟ್ಟುತ್ತದೆ, ಎಲ್ಲಿ ಅಡಗುತ್ತದೆ ಎಂದು ಮಕ್ಕಳೇ ಕಂಡುಕೊಳ್ಳುವಂತೆ ಮಾಡಬಹುದು. ಅವರ ಉತ್ತರವು ಒಮ್ಮೆ ತಪ್ಪಾದರೂ ಚಿಂತೆಯಿಲ್ಲ. ಎಲ್ಲಿ ತಪ್ಪಿತೆಂಬುದು ಸ್ಪಷ್ಟವಾಗಿ ತಿಳಿಯುವಂತೆ ತನ್ನ ಊಹೆಯನ್ನು ಪೂರ್ತಿಯಾಗಿ ಬರೆದಿಡುವ ಅಭ್ಯಾಸವನ್ನು ಅವರು ಅಲ್ಲಿ ಕಲಿಯುತ್ತಾರೆ. ಬರ್ಗರ್ ಅವರು ಐದು ವರ್ಷ ತಮ್ಮನ್ನು ತಾವೇ ಶಂಕಿಸಿದ್ದೂ, ಹಕ್ಸ್‌ಲಿ ಅವರು ತಮ್ಮ ೧೮.೮ನ್ನು ನಿಸರ್ಗದ ೨೧.೨ರ ಪಕ್ಕದಲ್ಲಿ ಮುಚ್ಚುಮರೆಯಿಲ್ಲದೆ ಇರಿಸಿದ್ದೂ ಇದೇ ಅಭ್ಯಾಸದ ಫಲ.